ಗುಂಡಿಯ ತಳದ ಒಂದು ರೂಪಾಯಿ

2000ನೇ ಇಸವಿ ಅಕ್ಟೋಬರ್ 14, ಶನಿವಾರ. ಬೆಳಿಗ್ಗೆ 8.22ಕ್ಕೆ ವೆಸ್ಟ್ ವಿಂಡ್ಸರ್ ಠಾಣೆಗೆ ಫೋನ್ ಬಂತು. ಮಾಡಿದವರು ಮಾರ್ಗರೆಟ್, ವಯಸ್ಸು ಎಪ್ಪತ್ತಾರು. ಸುತ್ತಲಿನ ಜಮೀನೆಲ್ಲ ನಾಲ್ಕು ಬೆಡ್‌ರೂಮಿನ ಮನೆಗಳಾಗಿ ಎದ್ದು ನಿಂತರೂ ತಮ್ಮ ನಲವತ್ತು ಎಕರೆ ಹೊಲವನ್ನು ಬಿಟ್ಟುಕೊಡದ ಹಠಮಾರಿ ಹೆಂಗಸು.

"ನನ್ನ ಹಳೇ ಸೇಬಿನ ತೋಟದಲ್ಲಿ ಟೋನಿ ಬಿದ್ದಿದ್ದಾನೆ. ತಲೆಯಿಂದ ರಕ್ತ ಬರ್ತಿದೆ. ಉಸಿರಾಡ್ತಿದ್ದಾನೆ."

"ಜಾರಿ ಬಿದ್ದು ಪೆಟ್ಟಾಗಿದೆಯಾ?"

"ಬೋರಲು ಬಿದ್ದವನಿಗೆ ಹಿಂದಲೆಗೆ ಹೇಗಪ್ಪ ಪೆಟ್ಟಾಗುತ್ತೆ? ಮೊದಲು ಆಂಬುಲೆನ್ಸ್ ಕಳಿಸು."

ಡಿಟೆಕ್ಟಿವ್ ಶಿವಕಿರಣ್ 8.41ಕ್ಕೆ ಸ್ಥಳ ತಲುಪಿದ. ಠಾಣೆಯಲ್ಲಿ ಅವನು ಬರೀ ಶಿವ್. ಒಂಬತ್ತನೇ ವಯಸ್ಸಿಗೆ ದಾವಣಗೆರೆಯಿಂದ ಅಮ್ಮನ ಸೆರಗು ಹಿಡಿದು ಈ ದೇಶಕ್ಕೆ ಬಂದವನಿಗೆ ಈಗ ಮೂವತ್ತನಾಲ್ಕು. ಜೊತೆಗೆ ಪ್ಯಾಟ್ರೋಲ್ ಆಫೀಸರ್ ಕೊವಾಲ್ಸ್ಕಿ. ಟ್ರೆಂಟನ್ ಕಡೆಯ ಆಸಾಮಿ. ಬಾಯಿ ಸ್ವಲ್ಪ ಜಾಸ್ತಿ, ಕಣ್ಣು ಮಾತ್ರ ಬಲು ಚುರುಕು.

ಟೋನಿಗೆ ನಲವತ್ತೊಂದು ವರ್ಷ, ಕಸುಬು ಎಲೆಕ್ಟ್ರಿಷಿಯನ್. ವಾರದ ಕೊನೆಯಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಹೊಲ, ಹಿತ್ತಲು ಸುತ್ತಿ ಹಳೇ ನಾಣ್ಯ ಹುಡುಕುವ ಕ್ಲಬ್ಬಿನ ಮುಖ್ಯಸ್ಥ. ಸ್ಟ್ರೆಚರ್ ಮೇಲೆ ಅವನನ್ನು ಸಾಗಿಸಿದ ಮೇಲೆ ಹುಲ್ಲಿನ ಮೇಲೆ ಉಳಿದದ್ದು ಒಂದು ಡಿಟೆಕ್ಟರ್, ಹೆಡ್‌ಫೋನು, ಅಂಗೈಯಷ್ಟು ಅಗಲದ ರಕ್ತದ ಕಲೆ. ಪರ್ಸು ಜೇಬಿನಲ್ಲೇ ಇತ್ತು. ಎಂಟುನೂರು ಡಾಲರಿನ ಯಂತ್ರ ಬಿದ್ದಲ್ಲೇ ಬಿದ್ದಿತ್ತು.

"ಕಳ್ಳರಲ್ಲ," ಎಂದ ಕೊವಾಲ್ಸ್ಕಿ.

"ಅವನ ಬೆಲ್ಟಿನಲ್ಲಿದ್ದ ಸಲಿಕೆ ನೋಡಿದೆಯಾ? ಒಂದು ಚೂರು ಮಣ್ಣಿರಲಿಲ್ಲ. ಅವನು ಅಗೆದಿಲ್ಲ," ಎಂದ ಶಿವಕಿರಣ್.

"ಇಲ್ಲಿ ಯಾರೂ ಅಗೆದಿಲ್ಲ. ಎಲ್ಲಾ ಕಡೆ ಹುಲ್ಲೇ."

ಹಾಗೆ ಹೇಳುತ್ತಲೇ ಕೊವಾಲ್ಸ್ಕಿ ಗ್ಲೌಸ್ ಹಾಕಿಕೊಂಡು ಬಿದ್ದಿದ್ದ ಯಂತ್ರದ ಸ್ವಿಚ್ಚು ಒತ್ತಿ, ಮಕ್ಕಳಾಟದಂತೆ ಆ ಕಡೆ ಈ ಕಡೆ ಬೀಸಿದ. ರಕ್ತದ ಕಲೆಯಿಂದ ಆರು ಅಡಿ ದೂರದಲ್ಲಿ ಅದು ಕೂಗಿತು. ಶಿವಕಿರಣ್ ಮಂಡಿಯೂರಿ ಹುಲ್ಲು ಸರಿಸಿ ನೋಡಿದ. ಕುದುರೆ ಲಾಳದ ಆಕಾರಕ್ಕೆ ಕೊಯ್ದ ಗೆರೆ ಕಂಡಿತು. ಮೂರು ಕಡೆ ಕೊಯ್ದು, ಒಂದು ಕಡೆ ಬೇರು ಬಿಟ್ಟು, ಹುಲ್ಲಿನ ಹೆಂಟೆಯನ್ನು ಮುಚ್ಚಳದ ಹಾಗೆ ಎತ್ತಿ ಮತ್ತೆ ಕೂರಿಸಿದ್ದರು. ಒತ್ತಿ, ಹುಲ್ಲನ್ನು ಕೈಯಲ್ಲಿ ಬಾಚಿಯೂ ಇದ್ದರು. ಅಗೆದ ಗುಂಡಿ ಮುಚ್ಚದೆ ಹೋಗಬಾರದು ಅನ್ನುವುದು ಈ ಕ್ಲಬ್ಬಿನ ಮೊದಲ ನಿಯಮ. ಸರಿ, ನಿಯಮ ಪಾಲಿಸಿದ್ದಾರೆ. ಆರು ಅಡಿ ದೂರದಲ್ಲಿ ಮನುಷ್ಯ ಬಿದ್ದಿರುವಾಗ!

ನಮ್ಮ ಕಡೆಯಾಗಿದ್ದರೆ ಇದಕ್ಕೆ ಪಂಚನಾಮೆ ಅನ್ನುತ್ತಿದ್ದರು, ಪಂಚರನ್ನು ನಿಲ್ಲಿಸಿ ಸಹಿ ಹಾಕಿಸುತ್ತಿದ್ದರು. ಇಲ್ಲಿ ಹೆಸರು ಬೇರೆ, ತಲೆನೋವು ಅದೇ. ಫೋಟೊ ತೆಗೆದರು, ಅಳತೆ ಬರೆದರು, ಮಾರ್ಗರೆಟ್ ಎದುರಿಗೇ 9.30ಕ್ಕೆ ಹೆಂಟೆ ಎತ್ತಿದರು. ಏಳು ಇಂಚು ಆಳದಲ್ಲಿ, ಗುಂಡಿಯ ತಳದಲ್ಲಿ, ಹೊಳೆಯುವ ಒಂದು ನಾಣ್ಯ ಮಲಗಿತ್ತು.

"ಏನದು, ಬೆಳ್ಳಿಯಾ?" ಕೊವಾಲ್ಸ್ಕಿ ಬಗ್ಗಿದ.

"ಸ್ಟೀಲು. ಇಂಡಿಯಾದ ಒಂದು ರೂಪಾಯಿ. 1995ರದ್ದು."

"ಬೆಲೆ ಎಷ್ಟು?"

"ಎರಡು ಸೆಂಟು."

ಹಿಂದಿನ ಬೇಲಿಯ ಗೇಟಿನ ಹತ್ತಿರ ಕೆಸರಿನಲ್ಲಿ ಸೈಕಲ್ ಚಕ್ರದ ಗುರುತಿತ್ತು. ಬಂದದ್ದು ಒಂದು, ಹೋದದ್ದು ಒಂದು. ಅದಕ್ಕೂ ಅಚ್ಚು ತೆಗೆದರು. ಮಾರ್ಗರೆಟ್ ಒಳಗಿಂದ ಒಂದು ಹಾಳೆ ತಂದರು. ಅವರ ಜಮೀನಿನಲ್ಲಿ ಅಗೆಯಲು ಅನುಮತಿ ಪಡೆದ ಹದಿನಾಲ್ಕು ಜನರ ಹೆಸರು ಅದರಲ್ಲಿತ್ತು.

"ಸಿಕ್ಕಿದ್ದನ್ನೆಲ್ಲ ನನಗೆ ತೋರಿಸಬೇಕು, ಅದು ಒಪ್ಪಂದ. ಟೋನಿ ಯಾವಾಗಲೂ ತೋರಿಸ್ತಾನೆ. ಅವನು ಬದುಕ್ತಾನಾ?"

"ಗೊತ್ತಿಲ್ಲ ಮೇಡಂ."

ಪಟ್ಟಿಯಲ್ಲಿ ಇಂಡಿಯಾದ ಹೆಸರು ಎರಡೇ ಇದ್ದವು, ರಾಜ್ ಮತ್ತು ಜಯರಾಮು. ಎರಡನೆಯ ಹೆಸರನ್ನು ಶಿವಕಿರಣ್ ಇನ್ನೊಮ್ಮೆ ಓದಿದ. ಜಯರಾಮು ಅವನಿಗೆ ಗೊತ್ತಿದ್ದವರು. ಕಳೆದ ವರ್ಷದ ರಾಜ್ಯೋತ್ಸವದಲ್ಲಿ ಮಕ್ಕಳಿಗೆ ಹಳೇ ನಾಣ್ಯಗಳ ಬಗ್ಗೆ ಮಾತಾಡಿದ್ದರು. ಬಿಸಿಬೇಳೆಬಾತ್ ಬಂತು ಅಂದದ್ದೇ ತಡ, ಸಭೆ ಎದ್ದು ಹೋಗಿತ್ತು. ಎದ್ದು ಹೋದವರಲ್ಲಿ ಶಿವಕಿರಣನೂ ಒಬ್ಬ.

11.15ಕ್ಕೆ ಆಸ್ಪತ್ರೆಯಿಂದ ಫೋನ್ ಬಂತು. ತಲೆಬುರುಡೆ ಬಿರುಕು ಬಿಟ್ಟಿದೆ, ಒಳಗೆ ರಕ್ತ ಕಟ್ಟಿದೆ, ಆಪರೇಷನ್ ಶುರುವಾಗಿದೆ. ಸಂಜೆವರೆಗೆ ಏನೂ ಹೇಳಲಾಗದು. ಟೋನಿ ಉಳಿದರೆ ಇದು ಹಲ್ಲೆಯ ಕೇಸು, ಸತ್ತರೆ ಕೊಲೆಯದು. ಅಪರಾಧಿ ಯಾರೇ ಇರಲಿ, ಅವನ ಇಡೀ ಬಾಳು ಆ ಆಪರೇಷನ್ ಟೇಬಲ್ಲಿನ ಮೇಲೆ ಮಲಗಿತ್ತು.

ರಾಜ್ ಸಿಕ್ಕಿದ್ದು 12.40ಕ್ಕೆ, ಬಾಸ್ಕಿಂಗ್ ರಿಡ್ಜ್‌ನ ಆಫೀಸಿನಲ್ಲಿ. ಇಪ್ಪತ್ತನಾಲ್ಕರ ಹುಡುಗ, ಇಲ್ಲೇ ಹುಟ್ಟಿದವನು.

"ಬೆಳಿಗ್ಗೆ ಎಲ್ಲಿದ್ದೆ?"

"ಇಲ್ಲೇ. ಸಿಕ್ಸ್ ಓ ಕ್ಲಾಕ್‌ಗೆ ಸರ್ವರ್ ಕ್ರ್ಯಾಶ್ ಆಯ್ತು, ಬ್ಯಾಡ್ಜ್ ಸ್ವೈಪ್ ಚೆಕ್ ಮಾಡಿ ಅಂಕಲ್."

ಮೂವತ್ತನಾಲ್ಕಕ್ಕೇ ಅಂಕಲ್. ಶಿವಕಿರಣ್ ಅದನ್ನು ನುಂಗಿಕೊಂಡು ರೂಪಾಯಿಯ ಫೋಟೊ ತೋರಿಸಿದ.

"ಅಗೆದ ಗುಂಡಿಯೊಳಗೆ ಇದನ್ನ ಯಾರಾದ್ರೂ ಯಾಕೆ ಹಾಕ್ತಾರೆ?"

"ದುಡ್ಡು ತೆಗೆಯೋಕೆ ಹೋಗಿ ದುಡ್ಡು ಇಟ್ಟು ಬರೋದಾ? ದಟ್ ಮೇಕ್ಸ್ ನೋ ಸೆನ್ಸ್." ರಾಜ್ ನಿಜವಾಗಿಯೂ ತಲೆ ಕೆರೆದುಕೊಂಡ. ಆಮೇಲೆ ಡ್ರಾಯರಿನಿಂದ ಕ್ಲಬ್ಬಿನ ತಿಂಗಳ ಪತ್ರಿಕೆ ತೆಗೆದ. "ಟೋನಿ ಬಗ್ಗೆ ಒಂದೇ ವಿಚಿತ್ರ ಅಂದ್ರೆ ಇದು. ಮಾರ್ಗರೆಟ್ ಫಾರ್ಮ್ ಮ್ಯಾಪ್. ಹಿ ಡ್ರೂ ಇಟ್ ಅಂತೆ. ಅವನಿಗೆ ಸ್ಟ್ರೇಟ್ ಲೈನ್ ಎಳೆಯೋಕೆ ಬರಲ್ಲ ಅಂಕಲ್."

ಎರಡು ಪುಟದ ಅಗಲಕ್ಕೆ ಅಚ್ಚಾಗಿತ್ತು ನಕ್ಷೆ. ಇಡೀ ತೋಟವನ್ನು ಚೌಕಚೌಕವಾಗಿ ಭಾಗ ಮಾಡಿ, ಪ್ರತಿ ಗುಂಡಿಗೂ ಸಂಖ್ಯೆ, ಆಳ, ತಾರೀಖು ಕೊಟ್ಟಿದ್ದರು. ಅಂಚಿನಲ್ಲಿ ಮಣ್ಣಿನ ಪದರಗಳ ಚಿತ್ರ. ಕಪ್ಪು, ಕೆಂಪು, ಇದ್ದಿಲು ಬೆರೆತ ಬೂದಿ. ಕೆಳಗೆ ಟೋನಿಯ ಹೆಸರು ದಪ್ಪಕ್ಷರದಲ್ಲಿತ್ತು.

ಬ್ಯಾಡ್ಜ್ ದಾಖಲೆ ಸರಿಹೋಯಿತು. ರಾಜ್ ಬೆಳಿಗ್ಗೆ 6.20ರಿಂದ ಕಟ್ಟಡ ಬಿಟ್ಟಿರಲಿಲ್ಲ.

ಅಮ್ಮ ಶೈಲಮ್ಮನ ಮನೆ ದಾರಿಯಲ್ಲೇ ಇತ್ತು. 2.10ಕ್ಕೆ ಶಿವಕಿರಣ್ ನಿಂತುಕೊಂಡೇ ಎರಡು ರೊಟ್ಟಿ ತಿಂದ.

"ಕುಂತು ಉಣ್ಣೋಕೂ ಪುರುಸೊತ್ತಿಲ್ಲ ನಿಂಗೆ," ಎಂದು ಗೊಣಗುತ್ತ ಶೈಲಮ್ಮ ಒಂದು ಸ್ಟೀಲಿನ ಡಬ್ಬಿ ತೆಗೆದರು. "ಹೋಗೋ ದಾರ್‍ಯಾಗೆ ಪದ್ಮಜಾಗೆ ಇದನ್ನ ಕೊಟ್ಟುಬಿಡು. ದಸರಾ ಗೊಂಬೆಗೆ ಹೋದಾಗ ಉಸಲಿ ಹಾಕಿಕೊಟ್ಟಿದ್ಲು."

ಪದ್ಮಜಾ ಅಂದರೆ ಜಯರಾಮು ಅವರ ಹೆಂಡತಿ. ಶಿವಕಿರಣ್ ಕೈ ಚಾಚಿದ. ಅಮ್ಮ ಡಬ್ಬಿ ಹಿಂದಕ್ಕೆ ಎಳೆದುಕೊಂಡರು.

"ತಡಿಯಪ್ಪ. ಬರೇ ಡಬ್ಬಿ ಕೊಡ್ತಾರೇನು? ಇಸಕೊಂಡ ಮ್ಯಾಲೆ ಬರಿದು ಮಾಡಿ ಕೊಡಬಾರದು. ನಾಲ್ಕು ಕೋಡುಬಳೆ ಹಾಕ್ತೀನಿ."

ಶಿವಕಿರಣನ ಕೈ ಗಾಳಿಯಲ್ಲೇ ನಿಂತಿತು. ಬೆಳಿಗ್ಗೆಯಿಂದ ಅವನು ಆ ರೂಪಾಯಿ ಯಾರದೋ ಜೇಬಿನಿಂದ ಉದುರಿತೋ, ಯಾರಾದರೂ ಬೇಕಂತಲೇ ಇಟ್ಟು ಇಂಡಿಯಾದವರ ಮೇಲೆ ಗೂಬೆ ಕೂರಿಸಲು ನೋಡಿದರೋ ಎಂದು ಎರಡೇ ದಾರಿಯಲ್ಲಿ ಯೋಚಿಸಿದ್ದ. ಮೂರನೆಯ ದಾರಿ ಅಮ್ಮನ ಅಡಿಗೆಮನೆಯಲ್ಲಿತ್ತು. ಭೂಮಿಯಿಂದ ಏನನ್ನೋ ಇಸಕೊಂಡವರು ಬರಿದು ಮಾಡಿ ಬಿಟ್ಟಿರಲಿಲ್ಲ.

ಆದರೆ ಅಡಿಗೆಮನೆಯ ಮಾತು ಕೋರ್ಟಿನಲ್ಲಿ ನಡೆಯದು. 3.05ಕ್ಕೆ ಅವನು ಮತ್ತೆ ತೋಟದಲ್ಲಿದ್ದ, ಕೈಯಲ್ಲಿ ಪತ್ರಿಕೆಯ ನಕ್ಷೆ. ಮಾರ್ಗರೆಟ್ ಒಪ್ಪಿಗೆ ಕೊಟ್ಟರು. ದೊಡ್ಡ ನಾಣ್ಯ ಸಿಕ್ಕಿದೆ ಎಂದು ನಕ್ಷೆಯಲ್ಲಿ ಗುರುತಿದ್ದ ಮೂರು ಹಳೇ ಗುಂಡಿಗಳನ್ನು ಕೊವಾಲ್ಸ್ಕಿ ಒಂದೊಂದಾಗಿ ತೆರೆದ. ಮೊದಲನೆಯದರಲ್ಲಿ ಒಂದು ರೂಪಾಯಿ. ಎರಡನೆಯದರಲ್ಲಿ ಒಂದು ರೂಪಾಯಿ. ಮೂರನೆಯದನ್ನೂ ಅಗೆದ. ಅದರಲ್ಲೂ ಇತ್ತು.

"ಇವನೇನು ಬಾಡಿಗೆ ಕಟ್ಟುತ್ತಾನಾ?" ಎಂದ ಕೊವಾಲ್ಸ್ಕಿ.

"ಹಾಗೇ ಅಂದುಕೋ. ನಕ್ಷೆಯಲ್ಲಿರೋ ಗುಂಡಿಗಳನ್ನ ಅಗೆದದ್ದು ಟೋನಿ ಅಲ್ಲ. ನಕ್ಷೆ ಬರೆದದ್ದೂ ಅವನಲ್ಲ."

4.20ಕ್ಕೆ ಆಸ್ಪತ್ರೆಯಿಂದ ಮತ್ತೆ ಫೋನ್. ರಕ್ತಸ್ರಾವ ನಿಂತಿಲ್ಲ, ಎರಡನೇ ಸಲ ಒಳಗೆ ಕರೆದೊಯ್ದಿದ್ದಾರೆ.

ಪ್ರಿನ್ಸ್‌ಟನ್ ಜಂಕ್ಷನ್ ಸ್ಟೇಷನ್ನಿಗೆ ಹತ್ತಿರದ ಅಪಾರ್ಟ್‌ಮೆಂಟು, ನೆಲಮಹಡಿ. 4.50. ಬಾಗಿಲ ಪಕ್ಕ ಒಂದು ಸೈಕಲ್ ಒರಗಿತ್ತು. ಚಕ್ರ ತೊಳೆದಿದ್ದರು, ಮಡ್‌ಗಾರ್ಡಿನ ಒಳಗಡೆಯ ಕೆಸರು ಮರೆತಿದ್ದರು. ಕೊವಾಲ್ಸ್ಕಿ ಚಕ್ರದ ಅಚ್ಚಿನ ಫೋಟೊ ಹಿಡಿದು ಹೋಲಿಸಿ ತಲೆಯಾಡಿಸಿದ. ಶಿವಕಿರಣ್ ಒಂದು ಕೈಯಲ್ಲಿ ಡಬ್ಬಿ ಹಿಡಿದು ಬೆಲ್ ಒತ್ತಿದ. ಇಂಥ ಅವಸ್ಥೆ ಶತ್ರುವಿಗೂ ಬೇಡ ಅನ್ನಿಸಿತು.

ಬಾಗಿಲು ತೆರೆದವರು ಜಯರಾಮು. ನಲವತ್ತೇಳರ ತೆಳ್ಳನೆಯ ಮನುಷ್ಯ. ಹೆಗಲ ಮೇಲೆ ಟವೆಲ್ಲು. ಒಳಗೆ ಕುಕ್ಕರ್ ಕೂಗುತ್ತಿತ್ತು.

"ಬನ್ನಿ ಶಿವಕಿರಣ್. ಪದ್ಮಾ ಆಫೀಸಲ್ಲಿದ್ದಾಳೆ, ಏನೋ ರಿಲೀಸ್ ಅಂತೆ. ಐದೂವರೆಗೆ ಬರ್ತಾಳೆ." ಹಿಂದೆ ಯೂನಿಫಾರ್ಮು ಕಂಡು ಮಾತು ನಿಲ್ಲಿಸಿದರು.

"ಅಮ್ಮ ಕೋಡುಬಳೆ ಡಬ್ಬಿ ಕಳಿಸಿದ್ರು ಸರ್. ಆದ್ರೆ ನಾನು ಬಂದಿರೋದು ಅದಕ್ಕಲ್ಲ. ಒಳಗೆ ಬರಬಹುದಾ?"

"ಬನ್ನಿ."

ಜಯರಾಮು ಹೋಗಿ ಒಲೆ ಆರಿಸಿ ಬಂದರು. ಶಿವಕಿರಣ್ ಡಬ್ಬಿ ಮೇಜಿನ ಮೇಲಿಟ್ಟು, ಕಾರ್ಡು ತೆಗೆದು ಹಕ್ಕುಗಳನ್ನು ಇಂಗ್ಲಿಷಿನಲ್ಲಿ ಓದಿದ. ಸುಮ್ಮನಿರಬಹುದು, ವಕೀಲರನ್ನು ಕೇಳಬಹುದು. ಆಮೇಲೆ ಅದನ್ನೇ ಕನ್ನಡದಲ್ಲಿ ಹೇಳಿದ. ಜಯರಾಮು ಅರ್ಥವಾಯಿತು ಎಂದು ಹಾಳೆಗೆ ಸಹಿ ಹಾಕಿದರು. ಶಿವಕಿರಣ್ ನಾಲ್ಕು ರೂಪಾಯಿಗಳ ಫೋಟೊಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟ.

"ಇವು ನಿಮ್ಮವಾ?"

ಜಯರಾಮು ನಾಲ್ಕು ಫೋಟೊಗಳ ಅಂಚನ್ನೂ ಒಂದೇ ಗೆರೆಗೆ ಸರಿಪಡಿಸಿದರು.

"ನಮ್ಮ ತಾತ ಗೆಣಸು ಕಿತ್ತ ಗುಳಿಗೂ ಒಂದು ತುಂಡು ಬಳ್ಳಿ ಊರಿ ಬರೋರು," ಎಂದರು ಜಯರಾಮು. "ಭೂಮಿ ತಾಯಿ ಕೊಟ್ಟಿದ್ದನ್ನ ತೊಗೊಂಡು ಬರಿದು ಬಿಡಬಾರ್ದು. ಅಭ್ಯಾಸ. ಊರಿಂದ ಬರೋವಾಗ ಒಂದು ಪೊಟ್ಟಣ ರೂಪಾಯಿ ಚಿಲ್ರೆ ತಂದಿದ್ದೆ."

"ಬೆಳಿಗ್ಗೆ ಎಷ್ಟೊತ್ತಿಗೆ ಹೋದ್ರಿ?"

"ಏಳೂ ಕಾಲು. ಬೆಳಕು ಹರಿದ ಮೇಲೆ."

"ಟೋನಿ?"

"ಏಳೂ ಮುಕ್ಕಾಲಿಗೆ ಬಂದ. ನಾನು ಆಗ ಅಗೀತಿದ್ದೆ. ಆ ಜಾಗ ನಾನು ನಕ್ಷೆಯಲ್ಲಿ ಯಾರಿಗೂ ತೋರಿಸಿರಲಿಲ್ಲ. ಹಳೇ ಮನೆ ಹೊಸ್ತಿಲು ಅಲ್ಲೇ ಇರಬೇಕು ಅಂತ ಎರಡು ವರ್ಷದಿಂದ ಲೆಕ್ಕ ಹಾಕಿದ್ದೆ. ಆಗಷ್ಟೇ ಒಂದು ನಾಣ್ಯ ಕೈಗೆ ಸಿಕ್ಕಿತ್ತು." ಅವರು ಎದ್ದು ಪುಸ್ತಕದ ಕಪಾಟಿನ ಕಡೆ ಹೊರಟರು. ಕೊವಾಲ್ಸ್ಕಿಯ ಕೈ ಸೊಂಟಕ್ಕೆ ಹೋಯಿತು. ಶಿವಕಿರಣ್ ಕಣ್ಣಲ್ಲೇ ತಡೆದು, ತಾನೇ ಹೋಗಿ ಅವರು ತೋರಿಸಿದ ಲಕೋಟೆ ತಂದ.

ಒಳಗೆ ಕಂದು ಬಣ್ಣದ ತಾಮ್ರದ ನಾಣ್ಯವಿತ್ತು. ಒಂದು ಕಡೆ ಕುದುರೆಯ ತಲೆ, ಅದರ ಕೆಳಗೆ ನೇಗಿಲು. 1787. ಈ ರಾಜ್ಯದವರೇ ಹೊಡೆಸಿಕೊಂಡ ಹಣ. ಲಕೋಟೆಯ ಮೇಲೆ ಚೌಕದ ಸಂಖ್ಯೆ, ಆಳ, ತಾರೀಖು, ಜಮೀನಿನ ಒಡತಿ ಮಾರ್ಗರೆಟ್ ಎಂದು ಬರೆದಿತ್ತು. ಪತ್ತೆ ಮಾಡಿದವರು ಎಂಬ ಕಡೆ ಖಾಲಿ.

"ಇದು ಅವರದ್ದು. ಕೊಟ್ಟುಬಿಡಿ," ಎಂದರು ಜಯರಾಮು.

"ಟೋನಿ ಏನಂದ?"

"ನಕ್ಕ. ಗುಡ್ ಬಾಯ್ ಅಂದ. ಮುಂದಿನ ತಿಂಗಳು ಯಾವುದೋ ಸೊಸೈಟಿಯಲ್ಲಿ ಭಾಷಣ ಇದೆ, ಇದನ್ನೇ ತೋರಿಸ್ತೀನಿ, ಎರಡು ಪುಟ ಬರ್ಕೊಡು ಅಂದ. ಈ ಸಲನಾದ್ರೂ ನನ್ನ ಹೆಸರು ಹಾಕು ಅಂದೆ. ನಕ್ಷೆ ಕೊಟ್ಟಾಗ್ಲೂ ಬೇಡ್ಕೊಂಡಿದ್ದೆ ಶಿವಕಿರಣ್. ಮುಂದಿನ ಸಂಚಿಕೆ, ಮುಂದಿನ ಸಂಚಿಕೆ ಅಂತ್ಲೇ ಬಂದ." ಜಯರಾಮು ಟವೆಲ್ಲನ್ನು ಹಿಂಡುತ್ತಿದ್ದರು. "ನಿನ್ನ ಹೆಸರು ಹೇಗೆ ಹಾಕ್ಲಿ, ನೀನು ಈ ದೇಶದಲ್ಲಿ ಕೆಲಸ ಮಾಡೋ ಹಾಗೇ ಇಲ್ವಲ್ಲ, ನಿನ್ನ ಹೆಂಡ್ತಿ ವೀಸಾಕ್ಕೆ ತೊಂದ್ರೆ ಆಗುತ್ತೆ ಅಂದ. ಹೇಳಿ ಬೆನ್ನು ತಿರುಗಿಸಿದ."

"ಆಮೇಲೆ?"

"ಸಲಿಕೆ ನನ್ನ ಕೈಯಲ್ಲಿತ್ತು."

"ಆಮೇಲೆ?"

"ಗುಂಡಿ ಮುಚ್ಚಿದೆ."

"ರೂಪಾಯಿ ಇಟ್ಟು?"

"ಕೈ ತಾನಾಗೇ ಇಡ್ತು."

ಶಿವಕಿರಣ್ ತನಿಖೆಯಲ್ಲಿ ದನಿ ಏರಿಸುವವನಲ್ಲ. ಈಗಲೂ ಏರಿಸಲಿಲ್ಲ, ಆದರೆ ಅವನ ಕಿವಿ ಕೆಂಪಾಗಿತ್ತು. "ಭೂಮಿಗೆ ಒಂದು ರೂಪಾಯಿ ಕೊಡೋಕೆ ನಿಮಗೆ ನೆನಪಿತ್ತು. ಹುಲ್ಲು ಬಾಚೋಕೆ ಟೈಮಿತ್ತು. ಮಾರ್ಗರೆಟ್ ಮನೆ ನೂರು ಗಜ ದೂರದಲ್ಲಿದೆ ಸರ್. ಬಾಗಿಲು ಬಡಿಯೋಕೆ ಏನಾಗಿತ್ತು?"

"ಸತ್ತ ಅಂದ್ಕೊಂಡೆ. ಹೆಸರು ಕೇಳ್ತಾರೆ ಅಂತ ಹೆದರಿದೆ. ಪದ್ಮಾ ಗ್ರೀನ್ ಕಾರ್ಡ್ ಅರ್ಜಿ..." ನಾಲ್ಕು ವರ್ಷ ತನ್ನ ಹೆಸರಿಗಾಗಿ ಕಾದ ಮನುಷ್ಯ, ಹೆಸರು ಹೇಳಬೇಕಾದ ಒಂದೇ ಹೊತ್ತಿನಲ್ಲಿ ಅದನ್ನು ಬಚ್ಚಿಟ್ಟುಕೊಂಡು ಸೈಕಲ್ ಹತ್ತಿದ್ದರು.

"ಟೋನಿ ಬದುಕಿದ್ದಾನೆ," ಎಂದ ಶಿವಕಿರಣ್. "ಈಗ ಆಪರೇಷನ್ ನಡೀತಿದೆ. ಏಳಿ ಸರ್."

ಜಯರಾಮು ಟವೆಲ್ಲನ್ನು ಮಡಿಸಿ ಮೇಜಿನ ಮೇಲಿಟ್ಟು ಎದ್ದರು. ಕೊವಾಲ್ಸ್ಕಿ ತೋಳು ಹಿಡಿದುಕೊಂಡ. ಹಿಂಬಾಗಿಲ ಬಳಿಯಿದ್ದ ತೊಳೆದ ಸಲಿಕೆ ಕಾಗದದ ಚೀಲಕ್ಕೆ ಹೋಯಿತು. ಅದರ ಹಿಡಿಯ ಸಂದಿಯಲ್ಲಿ ಕಪ್ಪಾಗಿ ಒಣಗಿದ ಒಂದು ಗೆರೆ ಉಳಿದಿತ್ತು.

5.34ಕ್ಕೆ ಪಾರ್ಕಿಂಗ್ ಲಾಟಿನಲ್ಲಿ ಬೇಡಿ ಹಾಕುವಾಗ ಪದ್ಮಜಾ ಕಾರು ಬಂದು ನಿಂತಿತು. ಆಕೆ ಇಳಿದು, ಗಂಡನ ಕೈ ನೋಡಿ, ಶಿವಕಿರಣನ ಮುಖ ನೋಡಿದಳು.

"ಏನಿದು ಶಿವಕಿರಣ್? ಏನೋ ಮಿಸ್ಟೇಕ್ ಆಗಿದೆ. ಇವರು ಇರುವೆ ಕೂಡ ತುಳಿಯೋರಲ್ಲ."

ಜಯರಾಮುವೇ ಮಾತಾಡಿದರು. "ಪದ್ಮಾ, ಕುಕ್ಕರ್ ಆರಿಸಿದ್ದೀನಿ. ಸಾರಿಗೆ ಒಗ್ಗರಣೆ ಹಾಕ್ಬೇಕು ಅಷ್ಟೇ. ಶೈಲಮ್ಮನವರು ಕೋಡುಬಳೆ ಕಳಿಸಿದ್ದಾರೆ, ಮೇಜಿನ ಮೇಲಿದೆ." ಆಕೆ ಕಾರಿನ ಬಾನೆಟ್ಟಿನ ಮೇಲೆ ಕೈಯೂರಿ ನಿಂತೇ ಇದ್ದಳು.

ಠಾಣೆಯಲ್ಲಿ 6.10ಕ್ಕೆ ಕೊವಾಲ್ಸ್ಕಿ ಬಂಧನದ ಫಾರಂ ತುಂಬಿದ. ಹೆಸರು, ವಯಸ್ಸು, ವಿಳಾಸ, ವೀಸಾ. ಹೆಂಡತಿಗೆ ಕೆಲಸದ ಎಚ್-ಒನ್, ಇವರಿಗೆ ಕೆಲಸ ಮಾಡುವಂತಿಲ್ಲದ ಅವಲಂಬಿತರ ಎಚ್-ಫೋರ್.

"ಉದ್ಯೋಗ?"

"ಇಲ್ಲ," ಎಂದರು ಜಯರಾಮು.

ಕೊವಾಲ್ಸ್ಕಿ ಹಾಗೇ ಟೈಪ್ ಮಾಡಿದ.

6.52ಕ್ಕೆ ಆಸ್ಪತ್ರೆಯ ಫೋನ್ ಬಂತು. ರಕ್ತ ನಿಂತಿದೆ. ಹೆಸರು ಕೇಳಿದರೆ ಹೇಳುತ್ತಿದ್ದಾನೆ, ಬೆರಳು ಮಡಚುತ್ತಿದ್ದಾನೆ, ಉಳಿಯುತ್ತಾನೆ. ಶಿವಕಿರಣ್ ಲಾಕಪ್ಪಿನ ಮುಂದೆ ನಿಂತು ಅದನ್ನು ಕನ್ನಡದಲ್ಲಿ ಹೇಳಿದ. ಜಯರಾಮು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಬೆಂಚಿನ ಮೇಲೆ ಬಗ್ಗಿ, ಗೊಳೋ ಎಂದು ಅತ್ತರು. ಕೊಲೆಯಲ್ಲ, ಹಲ್ಲೆ. ಆದರೂ ಜೈಲು ತಪ್ಪದು, ಶಿಕ್ಷೆ ಮುಗಿದ ದಿನ ಈ ದೇಶವೂ ತಪ್ಪಿಹೋಗುತ್ತದೆ.

ಸೋಮವಾರ 11.30ಕ್ಕೆ ಟೋನಿ ಹೇಳಿಕೆ ಕೊಟ್ಟ. ತಲೆ ತುಂಬ ಬ್ಯಾಂಡೇಜು, ಮಾತು ತಡವರಿಸುತ್ತಿತ್ತು.

"ನಕ್ಷೆ ಯಾರದ್ದು?"

"ಅವನದ್ದೇ."

"ಗುಂಡಿಗಳು?"

"ಎಲ್ಲಾ ಅವನದ್ದೇ. ನಾನು ಯಂತ್ರ ಹಿಡಿಯೋದು ಹೇಳಿಕೊಟ್ಟೆ, ಅಷ್ಟೇ. ಇಷ್ಟು ದೊಡ್ಡ ವಿಷಯ ಅಂತ ಅಂದುಕೊಂಡಿರಲಿಲ್ಲ."

ಮಧ್ಯಾಹ್ನ ಪದ್ಮಜಾ ಠಾಣೆಗೆ ಒಂದು ಫೈಲು ತಂದುಕೊಟ್ಟಳು. ಮೈಸೂರಿನಲ್ಲಿ ಪುರಾತತ್ತ್ವ ಇಲಾಖೆಯ ಸಹಾಯಕನಾಗಿ ಹದಿನೆಂಟು ವರ್ಷದ ಸೇವೆ, ಏಳು ಉತ್ಖನನಗಳು, ಪ್ರತಿ ವರದಿಯ ನಕ್ಷೆಯ ಕೆಳಗೆ ಜಯರಾಮು ಅವರ ಹೆಸರು. 1996ರಲ್ಲಿ ಹೆಂಡತಿಯ ಕೆಲಸಕ್ಕಾಗಿ ಆ ನೌಕರಿ ಬಿಟ್ಟು ಬಂದಿದ್ದರು. ಬಂದ ಮೇಲೆ ಬ್ಯಾಂಕಿನ ಖಾತೆಯಿಂದ ಲೈಬ್ರರಿ ಕಾರ್ಡಿನವರೆಗೆ ಎಲ್ಲ ಹಾಳೆಯಲ್ಲೂ ಅವರು ಪದ್ಮಜಾಳ ಗಂಡ ಮಾತ್ರ. "ವೀಕೆಂಡ್ ಬಂತು ಅಂದ್ರೆ ಮಗು ಥರ ಆಗ್ತಿದ್ರು," ಎಂದಳು ಆಕೆ. "ಅಷ್ಟು ನೋವಿತ್ತು ಅಂತ ನಂಗೂ ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ."

ಶಿವಕಿರಣ್ ಅಂತಿಮ ವರದಿಗೆ ಹಾಳೆಗಳನ್ನು ಜೋಡಿಸುತ್ತಿದ್ದ. ಬಂಧನದ ಫಾರಂ ಕೈಗೆ ಬಂದಾಗ ಉದ್ಯೋಗದ ಮುಂದಿದ್ದ 'ಇಲ್ಲ' ಎಂಬುದನ್ನು ಒಂದು ಗೆರೆಯಿಂದ ಹೊಡೆದು, ಮೇಲೆ 'ಪುರಾತತ್ತ್ವ ತಜ್ಞ' ಎಂದು ಬರೆದ.

ಕೊವಾಲ್ಸ್ಕಿ ಹೆಗಲ ಮೇಲಿಂದ ಬಗ್ಗಿ ನೋಡಿದ. "ತಿದ್ದಿದರೆ ಪುರಾವೆ ಬೇಕು. ಸಂಬಳದ ಚೀಟಿ ಏನಾದರೂ ಇದೆಯಾ?"

"ಇಲ್ಲ. ನಕ್ಷೆ ಇದೆ," ಎಂದು ಶಿವಕಿರಣ್ ತಿದ್ದುಪಡಿಯ ಪಕ್ಕ ಸಹಿ ಹಾಕಿದ.